ಚೆಂಡು ಮೇಲೇರುವಾಗ

ಒಂದು ಚೆಂಡನ್ನು ನೆಟ್ಟಗೆ ಮೇಲಕ್ಕೆ ಎಸೆದಿರಿ ಎನ್ನಿ. ಕೈ ಬಿಟ್ಟು ಏರುತ್ತಿರುವಾಗ ಅದರ ಮೇಲೆ ಯಾವ ಯಾವ ಬಲಗಳಿವೆ? ಗಾಳಿಯ ತಡೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಬೇಡ. ಕೈ ಕೊಟ್ಟ ಬಲ ಅದನ್ನು ಮೇಲಕ್ಕೆ ನೂಕುತ್ತಿದೆ, ಆ ಬಲ ಕರಗುತ್ತ ಬಂದು ತುತ್ತತುದಿಯಲ್ಲಿ ಭೂಮಿಯ ಸೆಳೆತಕ್ಕೆ ಸರಿಸಮವಾಗುತ್ತದೆ, ಆಮೇಲೆ ಸೆಳೆತ ಗೆದ್ದು ಚೆಂಡು ಇಳಿಯುತ್ತದೆ. ಬಹಳ ಮಂದಿಯ ಉತ್ತರ ಇದು. ಭೌತಶಾಸ್ತ್ರದಲ್ಲಿ ಪಾಸಾದವರೂ ಇದನ್ನೇ ಹೇಳುವುದುಂಟು. ಉತ್ತರ ತಪ್ಪು. ಕೈಯಿಂದ ಬಿಡುಗಡೆಯಾದ ಕ್ಷಣದಿಂದ ಮರಳಿ ಕೈ ಸೇರುವ ತನಕ, ಏರುವಾಗಲೂ ತುದಿಯಲ್ಲೂ ಇಳಿಯುವಾಗಲೂ, ಚೆಂಡಿನ ಮೇಲಿರುವುದು ಗುರುತ್ವ ಬಲವೊಂದೇ. ಡೆರೆಕ್ ಮುಲ್ಲರ್ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ತಮ್ಮ ಪಿಎಚ್.ಡಿ.ಗಾಗಿ ಹುಡುಕಿದ್ದು, ಇಂಥ ಬೇರುಬಿಟ್ಟ ತಪ್ಪುಗಳನ್ನು ವಿಡಿಯೊ ಕಿತ್ತುಹಾಕಬಲ್ಲುದೇ ಎಂಬುದನ್ನು. 2008ರಲ್ಲಿ ಅವರು ಮುಂದಿಟ್ಟ ಫಲಿತಾಂಶ, ಜ್ಞಾನಪ್ರಸಾರದ ವಿಡಿಯೊಗಳ ಬಗ್ಗೆ ನಮಗಿರುವ ಭಕ್ತಿಯನ್ನು ಕೊಂಚ ಅಲುಗಾಡಿಸಬೇಕಿತ್ತು.

ಅವರು ಕೆಲವು ವಿದ್ಯಾರ್ಥಿಗಳಿಗೆ ನ್ಯೂಟನ್ನನ ನಿಯಮಗಳನ್ನು ಅಚ್ಚುಕಟ್ಟಾಗಿ ವಿವರಿಸುವ ವಿಡಿಯೊ ತೋರಿಸಿದರು. ನೋಡಿದವರಿಗೆ ಅದು ಹಿಡಿಸಿತು: ಸ್ಪಷ್ಟವಾಗಿದೆ, ಸುಲಭವಾಗಿದೆ ಎಂದರು. ಆದರೆ ಪರೀಕ್ಷೆಯಲ್ಲಿ ಮೊದಲು 26ಕ್ಕೆ 6ರಷ್ಟಿದ್ದ ಅವರ ಸರಾಸರಿ, ನೋಡಿದ ಮೇಲೂ ಅಲ್ಲೇ ಕೂತಿತ್ತು. ಇನ್ನೂ ಸೋಜಿಗದ ಸಂಗತಿಯೆಂದರೆ, ಕೆಲವರು ವಿಡಿಯೊ ತಮ್ಮ ತಪ್ಪು ಕಲ್ಪನೆಯನ್ನೇ ಸಮರ್ಥಿಸಿತೆಂದು ನೆನಪಿಟ್ಟುಕೊಂಡಿದ್ದರು. ಗೊತ್ತಿರುವುದನ್ನೇ ಹೇಳುತ್ತಿದ್ದಾರೆ ಎಂದುಕೊಂಡ ಮನಸ್ಸು ಅರ್ಧ ಕಿವಿಯಲ್ಲಷ್ಟೇ ಕೇಳುತ್ತದೆ. ಬೇರೆ ವಿದ್ಯಾರ್ಥಿಗಳಿಗೆ ತೋರಿಸಿದ ವಿಡಿಯೊದಲ್ಲಿ ಮೊದಲು ಆ ತಪ್ಪು ಉತ್ತರವೇ ಬರುತ್ತದೆ. ಅದನ್ನು ಎತ್ತಿ, ಎದುರು ಮಾತಾಡಿ, ಕೆಡವಿ, ಆಮೇಲೆ ಸರಿಯಾದುದಕ್ಕೆ ಹೋಗುತ್ತಾರೆ. ಇವರು ಗೊಂದಲವಾಯಿತು ಎಂದು ದೂರಿದರು. ಇವರ ಸರಾಸರಿ 11ರ ಹತ್ತಿರಕ್ಕೆ ಏರಿತು. ಮುಲ್ಲರ್ 2011ರಲ್ಲಿ ಶುರುಮಾಡಿದ ‘ವೆರಿಟಾಸಿಯಂ’ ಯೂಟ್ಯೂಬ್ ವಾಹಿನಿಯ ಆರಂಭದ ವಿಡಿಯೊಗಳಲ್ಲಿ ಅವರು ಬೀದಿಗಿಳಿದು ದಾರಿಹೋಕರನ್ನು ಪ್ರಶ್ನೆ ಕೇಳುತ್ತಿದ್ದುದು ಬರೀ ರಂಜನೆಗಲ್ಲ. ದಾರಿಹೋಕರ ತಪ್ಪಿನಲ್ಲಿ ನೋಡುಗ ತನ್ನ ತಪ್ಪನ್ನು ಕಾಣಲಿ ಎಂಬ ಲೆಕ್ಕ ಅದರ ಹಿಂದಿತ್ತು.

ನನ್ನ ವಾದ ಇಷ್ಟೇ: ಕಲಿಕೆಯ ವಿಡಿಯೊ ಎಷ್ಟು ಸಲೀಸಾಗಿ ತಲೆಗಿಳಿಯಿತು ಎಂಬುದು ಅದರ ಗುಣಕ್ಕೆ ಅಳತೆಯಲ್ಲ. ಸಲೀಸುತನ ಕೆಲವೊಮ್ಮೆ ಬಲೆಯೂ ಆಗಬಲ್ಲದು. 2013ರಲ್ಲಿ ಶಾನಾ ಕಾರ್ಪೆಂಟರ್ ಮತ್ತು ಸಂಗಡಿಗರು ಪ್ರಕಟಿಸಿದ ಇನ್ನೊಂದು ಪ್ರಯೋಗವೂ ಇದಕ್ಕೆ ಒತ್ತುಕೊಡುತ್ತದೆ. ಕಪ್ಪು, ಬಿಳಿ, ಕಿತ್ತಳೆ ತೇಪೆಗಳ ಬೆಕ್ಕುಗಳು ಹೆಚ್ಚುಕಮ್ಮಿ ಎಲ್ಲವೂ ಹೆಣ್ಣೇ ಆಗಿರುವುದೇಕೆ ಎಂಬ ಪುಟ್ಟ ಪಾಠ ಅದು. (ಕಾರಣವನ್ನು ಇಲ್ಲಿ ಬೇಕೆಂದೇ ಬರೆಯುತ್ತಿಲ್ಲ.) ಒಂದು ವಿಡಿಯೊದಲ್ಲಿ ಪಾಠ ಹೇಳುವವರು ನೆಟ್ಟಗೆ ನಿಂತು, ಕಣ್ಣಿಟ್ಟು, ನಿರರ್ಗಳವಾಗಿ ಮಾತಾಡುತ್ತಾರೆ, ಇನ್ನೊಂದರಲ್ಲಿ ಅದೇ ಪಾಠವನ್ನು ಚೀಟಿ ನೋಡಿಕೊಂಡು ತಡವರಿಸುತ್ತ ಒಪ್ಪಿಸುತ್ತಾರೆ. ನಿರರ್ಗಳ ಪಾಠ ಕೇಳಿದವರು ತಮಗೆ ಬಹಳ ನೆನಪಿರುತ್ತದೆಂದು ನಂಬಿದ್ದರು. ಪರೀಕ್ಷೆ ಮಾಡಿದಾಗ ಎರಡೂ ಕಡೆಯವರ ನೆನಪು ಹತ್ತಿರಹತ್ತಿರ ಒಂದೇ. ಒಳ್ಳೆಯ ಮಾತುಗಾರ ಹೆಚ್ಚಿಸಿದ್ದು ಕೇಳುಗರ ಭರವಸೆಯನ್ನು ಮಾತ್ರ. ಹರಟೆಯ ಕಟ್ಟೆಯಲ್ಲಿ ಬ್ರಹ್ಮಾಂಡದಿಂದ ಬ್ಯಾಂಕಿಂಗ್‌ವರೆಗೆ ಅಧಿಕಾರವಾಣಿಯಲ್ಲಿ ಮಾತಾಡುವ ಗೆಳೆಯರ ಗುಟ್ಟು ಇದೇ ಇರಬಹುದೇನೋ.

ವೇದಿಕೆಗಳ ವ್ಯವಹಾರವೂ ಈ ಬಲೆಯನ್ನು ಬಿಗಿಯುತ್ತದೆ. ಯೂಟ್ಯೂಬ್ 2012ರಲ್ಲಿ, ಎಷ್ಟು ಜನ ಕ್ಲಿಕ್ ಮಾಡಿದರು ಎಂಬುದಕ್ಕಿಂತ ಎಷ್ಟು ಹೊತ್ತು ನೋಡಿದರು ಎಂಬುದಕ್ಕೆ ಹೆಚ್ಚು ತೂಕ ಕೊಡಲಾರಂಭಿಸಿತು. ಮೋಸದ ಶೀರ್ಷಿಕೆಗಳಿಗೆ ಮೂಗುದಾರ ಹಾಕಲು ಅದು ಒಳ್ಳೆಯದೇ. ಆದರೆ ಆ ತಕ್ಕಡಿಯಲ್ಲಿ, ವಿಡಿಯೊ ನಿಲ್ಲಿಸಿ ಕಾಗದ ಪೆನ್ನು ಹಿಡಿದು ಕೂತ ಹುಡುಗಿ ನಷ್ಟದ ಬಾಬತ್ತು. ಕಪ್ಪುಕುಳಿ, ಡೈನೊಸಾರ್, ಪಿರಮಿಡ್ಡು ಎಂದು ಒಂದರ ಬೆನ್ನಿಗೊಂದು ನೋಡುತ್ತ ಹೋದ ಹುಡುಗ ಲಾಭ. ಪ್ರಶ್ನೆಗೆ ಕಾವು ಬೇಕು. ಇಲ್ಲಿ ಕೆಲವೇ ಸೆಕೆಂಡಿಗೆ ಮುಂದಿನ ವಿಡಿಯೊ ತಾನಾಗಿ ಶುರುವಾಗುತ್ತದೆ. ಕನ್ನಡದಲ್ಲೂ ‘ನಿಮಗೆ ಗೊತ್ತಾ?’ ಎಂದು ಆರಂಭವಾಗುವ ವಿಡಿಯೊಗಳಿಗೆ ಬರವಿಲ್ಲ. ಉಸಿರು ತೆಗೆದುಕೊಳ್ಳುವ ಮೊದಲೇ ಉತ್ತರ ಬಂದು ಬೀಳುತ್ತದೆ, ತಪ್ಪು ಹೇಳಲಿಕ್ಕೂ ನಮಗೆ ಪುರುಸೊತ್ತು ಕೊಡುವುದಿಲ್ಲ.

ಮೇಷ್ಟ್ರೇ ಇಲ್ಲದ ಊರಿನ ಮಕ್ಕಳಿಗೆ ವಿಡಿಯೊ ಬಿಟ್ಟು ಇನ್ನೇನಿದೆ, ಗೊಂದಲವನ್ನು ಹೊಗಳುವುದು ಹೊಟ್ಟೆ ತುಂಬಿದವರ ಮಾತು ಎಂದು ಯಾರಾದರೂ ಸಿಡುಕಿದರೆ ಅದನ್ನು ತಳ್ಳಿಹಾಕುವಂತಿಲ್ಲ. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಕಟ್ಟಿದ ಎನ್‌ಪಿಟಿಇಎಲ್‌ನ ಉಪನ್ಯಾಸಗಳು ಇಲ್ಲದಿದ್ದರೆ, ಸಣ್ಣ ಊರಿನ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಆ ಪ್ರಾಧ್ಯಾಪಕರ ಪಾಠ ಕೇಳುವ ದಾರಿಯೇ ಇರುತ್ತಿರಲಿಲ್ಲ. ಆ ವಿಡಿಯೊಗಳಲ್ಲಿ ಥಳುಕೂ ಇಲ್ಲ. ಕರಿಹಲಗೆ, ಗಂಟೆಗಟ್ಟಲೆ ಪಾಠ. ಆದರೂ ಜನ ನೋಡುತ್ತಾರೆ, ಏಕೆಂದರೆ ಎಲ್ಲಿ ಸಿಕ್ಕಿಬಿದ್ದಿದ್ದೇನೆ ಎಂಬುದು ಗೊತ್ತಿದ್ದೇ ಅಲ್ಲಿಗೆ ಬಂದಿರುತ್ತಾರೆ. ಖಾನ್ ಅಕಾಡೆಮಿಯ ಕಥೆಯೂ ಹಾಗೇ. 2004ರಲ್ಲಿ ಅದರ ಸ್ಥಾಪಕ ಸಲ್ಮಾನ್ ಖಾನ್ ಬಾಸ್ಟನ್ನಿನಲ್ಲಿ ಕೂತು, ದೂರದ ನ್ಯೂ ಆರ್ಲಿಯನ್ಸ್‌ನಲ್ಲಿದ್ದ ಚಿಕ್ಕ ಸಂಬಂಧಿ ನಾದಿಯಾಗೆ ಗಣಿತ ಹೇಳಿಕೊಡತೊಡಗಿದರು. ಯೂಟ್ಯೂಬಿಗೆ ವಿಡಿಯೊ ಹಾಕಿದ್ದು 2006ರಲ್ಲಿ. ಮೊದಲು ತೊಡಕು, ಆಮೇಲೆ ವಿಡಿಯೊ. ಬಾಯಾರಿ ಬಂದವರಿಗೆ ತಿಳಿನೀರೇ ಬೇಕು. ಅಲ್ಲಿ ಸ್ಪಷ್ಟತೆಗೆ ನನ್ನ ತಕರಾರಿಲ್ಲ. ತಕರಾರು ಇರುವುದು, ಪ್ರಶ್ನೆಯೇ ಹುಟ್ಟದವರಿಗೆ ಉತ್ತರ ಬಡಿಸಿ ಅದನ್ನು ಶಿಕ್ಷಣವೆಂದು ಕರೆಯುವ ಬಗ್ಗೆ. ಶಾಲೆಗಳು ಸ್ಮಾರ್ಟ್ ಕ್ಲಾಸಿನ ಪರದೆ ತೂಗುಹಾಕಿ ಪಾಠ ಮುಗಿಯಿತೆಂದು ಕೈತೊಳೆದುಕೊಳ್ಳುವುದು ಅದರ ಸಾಂಸ್ಥಿಕ ರೂಪ.

ಎಲ್ಲವನ್ನೂ ಅಂಕದಲ್ಲಿ ಅಳೆಯಬೇಕೇ, ಬೆರಗು ಹುಟ್ಟಿದರೆ ಸಾಲದೇ? ಸಾಕು, ಆ ಬೆರಗಿಗೆ ಕೈಕಾಲು ಮೂಡಿದರೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ 1825ರಲ್ಲಿ ಶುರುವಾದ ಕ್ರಿಸ್‌ಮಸ್ ಉಪನ್ಯಾಸಗಳಲ್ಲಿ ಮುಂದಿನ ವರ್ಷಗಳಲ್ಲಿ ವಿಜ್ಞಾನಿ ಮೈಕಲ್ ಫ್ಯಾರಡೆ ಒಂದು ಮೇಣದಬತ್ತಿಯನ್ನೇ ಹಿಡಿದು ಮಕ್ಕಳೆದುರು ನಿಂತರು. ಆರಿಸಿದ ಬತ್ತಿಯಿಂದೇಳುವ ಆವಿಗೆ ಕಡ್ಡಿ ಗೀರಿ ಹಿಡಿದರೆ, ಬೆಂಕಿ ಗಾಳಿಯಲ್ಲೇ ಓಡಿಹೋಗಿ ಬತ್ತಿಯನ್ನು ಹೊತ್ತಿಸುತ್ತದೆ. ಅದಕ್ಕೆ ಬೇಕಾದ ಸಾಮಾನು ಯಾರ ಮನೆಯಲ್ಲೂ ಇರುವಂಥದ್ದು. ನಮ್ಮ ಅರವಿಂದ ಗುಪ್ತ ಕಸದಿಂದ ಆಟಿಕೆ ಮಾಡುವ ವಿಡಿಯೊಗಳು ಹಲವು ಭಾರತೀಯ ಭಾಷೆಗಳಲ್ಲಿವೆ. ಅನೇಕವು ಒಂದೆರಡು ನಿಮಿಷದವು. ಬೆಂಕಿಕಡ್ಡಿಗಳನ್ನು ಸೈಕಲ್ಲಿನ ವಾಲ್ ಟ್ಯೂಬಿನ ತುಣುಕುಗಳಿಂದ ಜೋಡಿಸಿದರೆ ತ್ರಿಕೋನ ಅಲುಗಾಡದೆ ನಿಲ್ಲುತ್ತದೆ, ಚೌಕ ಮಾತ್ರ ಒತ್ತಿದ ಕಡೆಗೆ ವಾಲುತ್ತದೆ. ಏಕೆಂದು ತಿಳಿಯಲು ಪರದೆ ಬಿಟ್ಟು ಏಳಬೇಕು, ಮನೆಯಲ್ಲಿ ವಾಲ್ ಟ್ಯೂಬ್ ಇಲ್ಲದಿದ್ದರೆ ಸೈಕಲ್ ಶಾಪಿಗೆ ಓಡಬೇಕು. ಆ ಹೊತ್ತಿಗೆ ವಿಡಿಯೊ ಮುಗಿದಿರುತ್ತದೆ.