ಫಲಿತಾಂಶದ ಮಾರನೇ ದಿನ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಬೇಗೂರಿನ ಮನೆಗಳಲ್ಲಿ ಕೇಳಿಬರುವ ಮೊದಲ ಪ್ರಶ್ನೆ ‘ಎಷ್ಟು ಪರ್ಸೆಂಟು?’ ಎರಡನೆಯದು ‘ಸೈನ್ಸಾ, ಕಾಮರ್ಸಾ?’ ಇವೆರಡರ ನಡುವೆ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ಆ ಪರ್ಸೆಂಟು ಯಾವ ಯಾವ ವಿಷಯಗಳಿಂದ ಬಂತು?

625 ಅಂಕಗಳ ಒಂದು ಅಂಕಪಟ್ಟಿಯನ್ನು ಉದಾಹರಣೆಗೆ ಇಟ್ಟುಕೊಳ್ಳಿ. ಕನ್ನಡ 120, ಇಂಗ್ಲಿಷ್ 80, ಹಿಂದಿ 96, ಸಮಾಜ 92, ವಿಜ್ಞಾನ 60, ಗಣಿತ 52. ಒಟ್ಟು 500, ಅಂದರೆ ಶೇ 80. ಮನೆಯಲ್ಲಿ ಸಿಹಿ ಹಂಚುತ್ತಾರೆ, ಹಂಚಲಿ. ಆದರೆ ಅದೇ ಸಂಭ್ರಮದಲ್ಲಿ ಮಾರನೇ ದಿನವೇ ವಿಜ್ಞಾನ ವಿಭಾಗಕ್ಕೆ ಶುಲ್ಕ ಕಟ್ಟಿ ಬಂದರೆ ಕಷ್ಟ. ಗಣಿತದ ನೂರು ಅಂಕಗಳಲ್ಲಿ 20 ಶಾಲೆಯೇ ಕೊಡುವ ಆಂತರಿಕ ಅಂಕ. ಅದರಲ್ಲಿ 19 ಸಿಕ್ಕಿದ್ದರೆ, 80 ಅಂಕಗಳ ಲಿಖಿತ ಪರೀಕ್ಷೆಯಲ್ಲಿ ಬಂದದ್ದು ಬರೀ 33. ಪಿಯುಸಿಯ ಗಣಿತ, ಭೌತವಿಜ್ಞಾನಗಳು ನಿಲ್ಲಬೇಕಾದದ್ದು ಈ 33ರ ಮೇಲೆಯೇ ಹೊರತು 500ರ ಮೇಲಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಪಾಠಗಳೆಲ್ಲ ಒಮ್ಮೆಗೇ ಇಂಗ್ಲಿಷಿಗೆ ತಿರುಗುವ ಭಾರ ಬೇರೆ. ಹಾಗೆಂದು 52 ಬಂದವರು ವಿಜ್ಞಾನ ಓದಲೇಬಾರದು ಎಂದಲ್ಲ. ಲೆಕ್ಕ ಬಿಡಿಸುವುದರಲ್ಲಿ ಇಷ್ಟವಿದ್ದು ಪರೀಕ್ಷೆಯ ದಿನ ಎಡವಿದವರು ಸುಧಾರಿಸಿಕೊಳ್ಳುತ್ತಾರೆ. ಇಷ್ಟವಿದೆಯೋ ಇಲ್ಲವೋ ಎಂಬುದನ್ನು ಮಕ್ಕಳನ್ನೇ ಕೇಳಬೇಕು, ಪಕ್ಕದ ಮನೆಯವರನ್ನಲ್ಲ.

ಬೇಗೂರಿನ ಪಾಲಕರ ಆಸೆಗೆ ಕಾರಣ ಕಣ್ಣೆದುರಿಗೇ ಇದೆ. ಕಿಯೋನಿಕ್ಸ್ ಸಂಸ್ಥೆ 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಹುಟ್ಟುಹಾಕಿದ ಎಲೆಕ್ಟ್ರಾನಿಕ್ ಸಿಟಿ ಇಲ್ಲಿಂದ ದೂರವಿಲ್ಲ. ಆ ಕಟ್ಟಡಗಳಲ್ಲಿ ಸೆಕ್ಯೂರಿಟಿ ಕೆಲಸ ಮಾಡುವ ತಂದೆಗೆ, ಕ್ಯಾಂಟೀನಿನಲ್ಲಿ ದುಡಿಯುವ ತಾಯಿಗೆ, ತಮ್ಮ ಮಗಳೂ ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡು ಒಳಗೆ ಹೋಗಲಿ ಎನಿಸಿದರೆ ಅದರಲ್ಲಿ ತಪ್ಪೇನು? ತಪ್ಪಿರುವುದು ಆ ಬಾಗಿಲಿಗೆ ಪಿಯುಸಿ ಒಂದೇ ದಾರಿ ಎಂಬ ನಂಬಿಕೆಯಲ್ಲಿ.

ಲೆಕ್ಕ ಹಾಕಿ ನೋಡಿ. ಪಿಯುಸಿ ಎರಡು ವರ್ಷ, ಎಂಜಿನಿಯರಿಂಗ್ ನಾಲ್ಕು, ಒಟ್ಟು ಆರು. ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷ. ಅನಂತರ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಬರೆದು ನೇರವಾಗಿ ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಸೇರಿದರೆ ಮತ್ತೆ ಮೂರು. ಅದೂ ಆರೇ! ನಡುವೆ ಮನೆಯ ಪರಿಸ್ಥಿತಿ ಕೆಟ್ಟು ಓದು ನಿಂತರೆ, ಡಿಪ್ಲೊಮಾ ಆದವರ ಕೈಯಲ್ಲಿ ಕೆಲಸ ಕೊಡಿಸುವ ಸರ್ಟಿಫಿಕೇಟು ಇರುತ್ತದೆ. ಪಿಯುಸಿ ವಿಜ್ಞಾನ ಮುಗಿಸಿ ನಿಂತವರಿಗೆ ಆ ಆಸರೆ ಕಡಿಮೆ. ಆದರೆ ಗಣಿತದಿಂದ ತಪ್ಪಿಸಿಕೊಳ್ಳಲು ಡಿಪ್ಲೊಮಾಕ್ಕೆ ಓಡುವವರು ಒಂದು ಮಾತು ತಿಳಿದಿರಬೇಕು. ಅಲ್ಲಿಯೂ ಗಣಿತವಿದೆ. ಮುಂದೆ ಎಂಜಿನಿಯರಿಂಗಿನ ಎರಡನೇ ವರ್ಷದಲ್ಲಿ ಅದು ಇನ್ನೂ ಬಿಗಿಯಾಗಿ ಎದುರಾಗುತ್ತದೆ.

ಯಂತ್ರಗಳ ಮೇಲೆ ಕೈ ಆಡಿಸುವ ಆಸಕ್ತಿಯುಳ್ಳವರಿಗೆ ಇನ್ನೊಂದು ದಾರಿಯೂ ಇದೆ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ಎಸ್ಸೆಸ್ಸೆಲ್ಸಿ ಆದವರಿಗೆ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಕಲಿಸುತ್ತದೆ. ಮೂರು ವರ್ಷ ಅಲ್ಲಿ ಕಲಿಕೆ, ಇನ್ನೊಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಪ್ಲಾಸ್ಟಿಕ್ ಬಾಟಲಿಯ ಮುಚ್ಚಳದಿಂದ ಕಾರಿನ ಬಾಗಿಲಿನವರೆಗೆ ಯಾವುದೇ ವಸ್ತು ಸಾವಿರಾರು ಸಂಖ್ಯೆಯಲ್ಲಿ ಒಂದೇ ಅಳತೆಯಲ್ಲಿ ಹೊರಬರಬೇಕಾದರೆ ಮೊದಲು ಅಚ್ಚು ಬೇಕು. ಆ ಅಚ್ಚು ಮಾಡುವ ವಿದ್ಯೆ ಇದು. ಬೊಮ್ಮಸಂದ್ರ, ಜಿಗಣಿ, ಪೀಣ್ಯಗಳಲ್ಲಿ ಈ ಕೆಲಸ ಬಲ್ಲವರು ಬೇಕಾಗುತ್ತಾರೆ. ಇದೇ ವಿದ್ಯೆ ಕಲಿಸುವ ಎನ್‌ಟಿಟಿಎಫ್ ಪೀಣ್ಯದಲ್ಲಿದೆ, ಎಲೆಕ್ಟ್ರಾನಿಕ್ ಸಿಟಿಯಲ್ಲೂ ಇದೆ. ಅಲ್ಲಿನ ಶುಲ್ಕವನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ‘ರಾಜಾಜಿನಗರ, ಪೀಣ್ಯ ಅಂದರೆ ದೂರ, ಹುಡುಗಿಯನ್ನು ಹೇಗೆ ಕಳಿಸುವುದು’ ಎಂಬ ಮಾತಿಗೆ ಈಗ ಮೊದಲಿನ ತೂಕವಿಲ್ಲ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೊ ಶುರುವಾದ ಮೇಲೆ ಹೊಂಗಸಂದ್ರದಲ್ಲಿ ಹತ್ತಿ, ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಎರಡೂ ಕಡೆಗೆ ತಲಪಬಹುದು.

ಐಟಿಐ ಎಂದರೆ ಮೂಗು ಮುರಿಯುವವರು ಇನ್ನೂ ಇದ್ದಾರೆ. ಆದರೆ ಇಸ್ರೊ ತನ್ನ ‘ಟೆಕ್ನಿಷಿಯನ್-ಬಿ’ ಹುದ್ದೆಗೆ ಕೇಳುವುದು ಎಸ್ಸೆಸ್ಸೆಲ್ಸಿಯ ಜತೆಗೆ ಐಟಿಐ, ಪಿಯುಸಿ ಅಲ್ಲ. ಫಿಟ್ಟರ್, ಎಲೆಕ್ಟ್ರಿಷಿಯನ್ ಎರಡು ವರ್ಷದ ತರಬೇತಿಗಳು. ಮುಗಿಸಿದವರು ಬಯಸಿದರೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು. ಸೇರುವ ಮುಂಚೆ ಆ ಐಟಿಐ ಕೊಡುವ ಸರ್ಟಿಫಿಕೇಟಿಗೆ ರಾಷ್ಟ್ರೀಯ ಮಾನ್ಯತೆ ಇದೆಯೇ ಎಂದು ಖಚಿತ ಮಾಡಿಕೊಳ್ಳಬೇಕು.

ಯಾವ ಕೋರ್ಸು ಹಿಡಿದರೂ ಯಾವ ಬಾಗಿಲು ಮುಚ್ಚುತ್ತದೆ ಎಂಬುದು ಗೊತ್ತಿರಲಿ. ಪಿಯುಸಿಯಲ್ಲಿ ಜೀವವಿಜ್ಞಾನ ಬಿಟ್ಟರೆ ವೈದ್ಯಕೀಯ ಇಲ್ಲ, ಗಣಿತ ಬಿಟ್ಟರೆ ಎಂಜಿನಿಯರಿಂಗ್ ಇಲ್ಲ. ವಿಜ್ಞಾನ ಓದಿದವರು ಮುಂದೆ ಬಿ.ಕಾಂ. ಸೇರಬಹುದು, ವಾಣಿಜ್ಯ ಓದಿದವರು ಬಿ.ಎಸ್ಸಿ. ಭೌತವಿಜ್ಞಾನಕ್ಕೆ ಬರಲಾರರು. ವಾಣಿಜ್ಯ ‘ಕಡಿಮೆ’ ಎಂದು ಇದರ ಅರ್ಥವಲ್ಲ. ಸಿಎ ಆಗುವ ಆಸೆಯುಳ್ಳವರು ವಿಜ್ಞಾನಕ್ಕೆ ಹೋಗಿ ಎರಡು ವರ್ಷ ಕಳೆಯುವುದೇಕೆ?

ಇನ್ನು ಪಾಸಾಗದವರ ಮಾತು. ಎಲ್ಲಕ್ಕಿಂತ ಅವಸರದ ನಿರ್ಧಾರ ಆಗುವುದು ಇವರ ಮನೆಗಳಲ್ಲೇ. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹತ್ತಿರವಿದೆ, ತಿಂಗಳ ಸಂಬಳ ಬರುತ್ತದೆ, ‘ಓದಿದ್ದು ಸಾಕು’ ಎಂದುಬಿಡುತ್ತಾರೆ. ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶಗಳಿವೆ ಎಂಬುದು ಆ ಗಳಿಗೆಯಲ್ಲಿ ನೆನಪಿರುವುದಿಲ್ಲ. ಎರಡನೇ ಪರೀಕ್ಷೆ ಕೆಲವೇ ವಾರಗಳಲ್ಲಿ ಬರುತ್ತದೆ. ಹೆಚ್ಚು ಬಂದ ಅಂಕವೇ ಉಳಿಯುವುದರಿಂದ ಪಾಸಾದವರೂ ಗಣಿತವನ್ನು ಮತ್ತೆ ಬರೆಯಬಹುದು. ಅಂಕ ತಪ್ಪಾಗಿದೆ ಎಂಬ ಅನುಮಾನವಿದ್ದರೆ ಮಂಡಳಿಯಿಂದ ಮೊದಲು ಉತ್ತರ ಪತ್ರಿಕೆಯ ಪ್ರತಿ ತರಿಸಿಕೊಂಡು, ವಿಷಯದ ಮೇಷ್ಟರಿಗೆ ತೋರಿಸಿ, ಆಮೇಲೆ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಬೇಕು. ಇವೆಲ್ಲಕ್ಕೂ ಕೊನೆಯ ದಿನಾಂಕ ಬಹಳ ಹತ್ತಿರವಿರುತ್ತದೆ. ಪಾಸಾಗದ ಹುಡುಗ ಶಾಲೆಯ ಕಡೆ ಮುಖ ಹಾಕಲು ನಾಚುತ್ತಾನೆ. ಆ ವಾರ ಮುಖ್ಯೋಪಾಧ್ಯಾಯರ ಕೊಠಡಿಗೆ ಅವನ ಜತೆ ತಂದೆಯೋ ತಾಯಿಯೋ ಹೋಗಿಬರಬೇಕು.