ಮಸ್ಟೊಡಾನ್‌ನಲ್ಲಿ ಡಿಲೀಟ್ ಮಾಡಿದ ಪೋಸ್ಟ್ ಎಲ್ಲ ಕಡೆಯೂ ಅಳಿಸಿಹೋಗುತ್ತದೆಯೇ?

2019ರ ಕೊನೆಯಲ್ಲಿ ಸುಪ್ರೀಂ ಕೋರ್ಟ್‌ನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ ಅಮಾನತಾದಾಗ ಭಾರತದ ಅನೇಕರು ಮಸ್ಟೊಡಾನ್‌ನಲ್ಲಿ ಖಾತೆ ತೆರೆದರು. ಅಲ್ಲಿ ಒಂದೇ ಕಂಪನಿಯ ಒಡೆತನವಿಲ್ಲ. ಹಾಗಾಗಿ 'ನನ್ನ ಪೋಸ್ಟ್ ನನ್ನ ಕೈಯಲ್ಲೇ ಇರುತ್ತದೆ, ಬೇಡವೆಂದರೆ ಅಳಿಸಬಹುದು' ಎಂದುಕೊಳ್ಳುವವರಿದ್ದಾರೆ. ಇದು ಅರ್ಧ ಸತ್ಯ.

ಇದು ಹೇಗೆ ಕೆಲಸ ಮಾಡುತ್ತದೆ?

ಮಸ್ಟೊಡಾನ್ ಎಂದರೆ ಬೇರೆ ಬೇರೆಯವರು ನಡೆಸುವ ಸಾವಿರಾರು ಸರ್ವರ್‌ಗಳ ಜಾಲ. ನಿಮ್ಮನ್ನು ಫಾಲೋ ಮಾಡುವವರ ಸರ್ವರ್‌ಗಳಿಗೆಲ್ಲ ನಿಮ್ಮ ಪೋಸ್ಟಿನ ಪ್ರತಿ ಹೋಗುತ್ತದೆ.

ಗದಗಿನ ಪ್ರೆಸ್‌ನಲ್ಲಿ ಲಗ್ನಪತ್ರಿಕೆ ಮಾಡಿಸಿ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಬೀಗರಿಗೆ ಹಂಚಿದ ಮೇಲೆ ಮುಹೂರ್ತ ಬದಲಾಯಿತು ಎಂದುಕೊಳ್ಳಿ. ನಿಮ್ಮ ಮನೆಯಲ್ಲಿ ಉಳಿದ ಪತ್ರಿಕೆ ಹರಿದು ಹಾಕಬಹುದು. ಉಳಿದವರಿಗೆ ಫೋನ್ ಮಾಡಿ ಹೇಳಬೇಕಷ್ಟೆ. ಒಬ್ಬರು ಫೋನ್ ಎತ್ತುವುದಿಲ್ಲ, ಇನ್ನೊಬ್ಬರು ಅದರ ಫೋಟೊವನ್ನು ನಿಮಗೆ ಗೊತ್ತಿಲ್ಲದವರಿಗೂ ಕಳಿಸಿರುತ್ತಾರೆ.

ಡಿಲೀಟ್ ಕೂಡ ಹೀಗೆಯೇ. ನಿಮ್ಮ ಸರ್ವರ್ ಉಳಿದ ಸರ್ವರ್‌ಗಳಿಗೆ 'ಇದನ್ನು ಅಳಿಸಿ' ಎಂಬ ಸಂದೇಶ ಕಳಿಸುತ್ತದೆ. ಹೆಚ್ಚಿನವು ಅಳಿಸುತ್ತವೆ. ಆದರೆ ಬಂದ್ ಆಗಿರುವ ಸರ್ವರ್‌ಗೆ ಅದು ಮುಟ್ಟದೇ ಇರಬಹುದು, ಮುಟ್ಟಿದರೂ ಪಾಲಿಸುವಂತೆ ಒತ್ತಾಯಿಸಲು ಆಗದು. ಸ್ಕ್ರೀನ್‌ಶಾಟ್ ಅಂತೂ ಯಾರ ಮಾತನ್ನೂ ಕೇಳುವುದಿಲ್ಲ. ಬ್ಲೂಸ್ಕೈನಲ್ಲೂ ಸಾರ್ವಜನಿಕ ಪೋಸ್ಟನ್ನು ಯಾರು ಬೇಕಾದರೂ ಸಂಗ್ರಹಿಸಬಹುದು. 2024ರ ನವೆಂಬರ್‌ನಲ್ಲಿ ಅಲ್ಲಿನ 10 ಲಕ್ಷ ಪೋಸ್ಟ್‌ಗಳ ಸಂಗ್ರಹವೊಂದು ಎಐ ಸಂಶೋಧನೆಗೆಂದು ಪ್ರಕಟವಾಗಿ, ವಿರೋಧ ಬಂದ ಮೇಲೆ ಅದನ್ನು ತೆಗೆಯಲಾಯಿತು.

ಕಾನೂನು ಏನು ಹೇಳುತ್ತದೆ?

ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ಸುಪ್ರೀಂ ಕೋರ್ಟ್ ತೀರ್ಪು ಬಂದಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಮಾಹಿತಿ ಅಳಿಸುವಂತೆ ಕೇಳುವ ಹಕ್ಕೂ ಇದೆ. ಆದರೆ ನೀವೇ ಸಾರ್ವಜನಿಕವಾಗಿ ಹಾಕಿಕೊಂಡ ಮಾಹಿತಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ.

ಹಾಗಾದರೆ ಏನು ಮಾಡಬೇಕು?

• ತಪ್ಪು ಗೊತ್ತಾದ ತಕ್ಷಣ ಡಿಲೀಟ್ ಮಾಡಿ. ತಡವಾದಷ್ಟೂ ಪ್ರತಿಗಳು ಹೆಚ್ಚುತ್ತವೆ.
• ನಿಮ್ಮ ಸರ್ವರ್ ಮುಚ್ಚುವ ಸುದ್ದಿ ಬಂದರೆ ಅದಕ್ಕೆ ಮೊದಲೇ ಅಳಿಸಿ. ಮುಚ್ಚಿದ ಮೇಲೆ ಆ ಸಂದೇಶ ಕಳಿಸುವವರೇ ಇರುವುದಿಲ್ಲ.
• ಬೇರೆ ಸರ್ವರ್‌ನಲ್ಲಿ ಪೋಸ್ಟ್ ಉಳಿದಿದ್ದರೆ ಅದನ್ನು ನಡೆಸುವವರಿಗೆ ಬರೆದು ಕೇಳಿ.
• ಹಳೆಯ ಪೋಸ್ಟ್ ತಾನಾಗಿ ಅಳಿಯುವ ಸೆಟ್ಟಿಂಗ್ ಮಸ್ಟೊಡಾನ್‌ನಲ್ಲಿದೆ, ಬಳಸಿ.
• ಪಾಸ್‌ವರ್ಡ್ ಅಥವಾ ಎಟಿಎಂ ಕಾರ್ಡಿನ ಫೋಟೊ ಹಾಕಿಬಿಟ್ಟಿದ್ದರೆ ಡಿಲೀಟ್ ಸಾಲದು. ಪಾಸ್‌ವರ್ಡ್ ಬದಲಿಸಿ, ಕಾರ್ಡ್ ಬ್ಲಾಕ್ ಮಾಡಿಸಿ.

ಒಟ್ಟಿನಲ್ಲಿ, ಇಂಥ ಜಾಲತಾಣಗಳಲ್ಲಿ ಡಿಲೀಟ್ ಎಂಬುದು ಆಜ್ಞೆಯಲ್ಲ, ವಿನಂತಿ. ಊರಿಗೆಲ್ಲ ಗೊತ್ತಾಗಬಾರದ ಮಾತನ್ನು ಪೋಸ್ಟ್ ಮಾಡದಿರುವುದೇ ಗಟ್ಟಿ ಉಪಾಯ.