ಮೊದಲಕ್ಷರದ ಕಟ್ಟು

ಹಾಡನ್ನು ಆರಿಸಿಕೊಳ್ಳುವುದಕ್ಕೆ ಭಾವ ಕಾರಣವಾಗಬೇಕು, ಹೊತ್ತು ಕಾರಣವಾಗಬೇಕು, ಕೇಳುವವರ ಮನಸ್ಸು ಕಾರಣವಾಗಬೇಕು ಎಂದು ನಂಬಿಕೊಂಡು ಬಂದವರು ನಾವು. ಹೆಸರಿನ ಮೊದಲಕ್ಷರವೂ ಕಾರಣವಾಗಬಹುದೆಂದರೆ ನಗುವವರೇ ಹೆಚ್ಚು. ಆದರೆ ಜಪಾನಿನ ಕರೋಕೆ ಕೊಠಡಿಗಳಲ್ಲಿ ಗೆಳೆಯರು ಕೂಡಿದಾಗ ಆಡುವ ಆಟಗಳಲ್ಲಿ ಇದೂ ಒಂದು. ಮೊದಲನೆಯವನು ‘ಅ’ಕಾರದಿಂದ ತೊಡಗುವ ಹೆಸರಿನ ಹಾಡನ್ನು ಹಾಡಬೇಕು, ಮುಂದಿನವನಿಗೆ ‘ಇ’, ಅವನ ಮುಂದಿನವಳಿಗೆ ‘ಉ’. ಇಂಥ ನಿಯಮಕ್ಕೆ ಅವರಿಟ್ಟ ಹೆಸರು ‘ಶಿಬಾರಿ’. ಕಟ್ಟು ಎಂದು ಅದರ ಅರ್ಥ. ಹಾಡನ್ನು ಬರೆಯುವುದಕ್ಕೂ ‘ಕಟ್ಟುವುದು’ ಎನ್ನುವ ಕನ್ನಡದವರಿಗೆ ಈ ಮಾತು ವಿಚಿತ್ರವಾಗಿ ತೋರಬೇಕಾಗಿಲ್ಲ. ಈ ಆಟವನ್ನು ಬರಿಯ ಹುಡುಗಾಟವೆಂದು ತಳ್ಳಿಹಾಕುವವರ ಪಕ್ಷಕ್ಕೆ ನಾನು ಸೇರಲಾರೆ.

ಕರೋಕೆಯ ಕಥೆ ಬಹುಮಂದಿಗೆ ಗೊತ್ತು. ‘ಕರ’ ಎಂದರೆ ಬರಿದು. ‘ಓಕೆ’ ಎಂಬುದು ಆರ್ಕೆಸ್ಟ್ರಾ ಎಂಬ ಮಾತಿನ ಜಪಾನೀ ಉಚ್ಚಾರಣೆಯ ಮೊದಲ ತುಂಡು. ಮೇಳವುಂಟು, ಹಾಡುಗಾರನಿಲ್ಲ, ಆ ಬರಿದನ್ನು ತುಂಬುವವರು ನಾವು. 1971ರಲ್ಲಿ ಕೋಬೆ ನಗರದ ಇನೊವೆ ದೈಸುಕೆ ಎಂಬ ವಾದ್ಯಗಾರ ಇಂಥ ಯಂತ್ರವೊಂದನ್ನು ಪಾನಗೃಹಗಳಿಗೆ ಬಾಡಿಗೆಗೆ ಕೊಡತೊಡಗಿದ. ಅದರ ಹಕ್ಕನ್ನು ತನ್ನ ಹೆಸರಿಗೆ ನೋಂದಾಯಿಸಲಿಲ್ಲ. ನಮ್ಮ ವಿಷಯಕ್ಕೆ ಮುಖ್ಯವಾದುದು ಯಂತ್ರವಲ್ಲ, ಅದರ ಪಕ್ಕದಲ್ಲಿರುತ್ತಿದ್ದ ದಪ್ಪನೆಯ ಪುಸ್ತಕ. ಹಾಡುಗಳ ಹೆಸರನ್ನೆಲ್ಲ ಅಕ್ಷರಾನುಕ್ರಮದಲ್ಲಿ ಅಚ್ಚುಹಾಕಿದ ಪಟ್ಟಿ ಅದು. ಈಗ ಪುಸ್ತಕದ ಸ್ಥಾನಕ್ಕೆ ಬೆರಳಿನಿಂದ ಮುಟ್ಟುವ ಫಲಕ ಬಂದಿದೆ. ಅದರಲ್ಲಿಯೂ ಅಕ್ಷರದಿಂದ ಹುಡುಕುವ ದಾರಿಯಿದೆ.

ಆ ಅನುಕ್ರಮ ಯಾವುದು? ಅ, ಇ, ಉ, ಎ, ಒ ಎಂಬ ಐದು ಸ್ವರಗಳು. ಬಳಿಕ ಕ, ಸ, ತ, ನ, ಹ, ಮ, ಯ, ರ, ವ ಎಂಬ ಸಾಲುಗಳು. ಒಂದೊಂದು ಸಾಲಿನಲ್ಲಿಯೂ ಕ, ಕಿ, ಕು, ಕೆ, ಕೊ ಎಂದು ನಮ್ಮ ಕಾಗುಣಿತದ ನಡೆಯೇ. ಓದುಗರು ಇದನ್ನು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಲಿ. ಕೂಲಿಮಠದ ಮರಳಿನ ಮೇಲೆ ತೀಡಿದ ಅಕ್ಷರಗಳ ನೆನಪು ಬಾರದಿರದು. ಇದು ಆಕಸ್ಮಿಕವಲ್ಲ. ಬೌದ್ಧ ಮಂತ್ರಗಳನ್ನು ತಪ್ಪಿಲ್ಲದೆ ಉಚ್ಚರಿಸಬೇಕೆಂದು ಜಪಾನಿನ ಭಿಕ್ಷುಗಳು ‘ಸಿದ್ಧಂ’ ಲಿಪಿಯನ್ನು ಅಭ್ಯಾಸಮಾಡಿದರು. ಚೀನಾದಿಂದ 806ರಲ್ಲಿ ಹಿಂದಿರುಗಿದ ಕೂಕಾಯ್ ಆ ವಿದ್ಯೆಯನ್ನು ತಂದವರಲ್ಲಿ ಪ್ರಮುಖ. ಭಾರತದ ವರ್ಣಮಾಲೆಯ ಆ ಪರಿಚಯದಿಂದಲೇ ‘ಐವತ್ತು ಧ್ವನಿ’ಗಳೆಂಬ ಅವರ ಅನುಕ್ರಮ ರೂಪುಗೊಂಡಿತು, ಉಳಿದುಬಂದಿರುವ ಅದರ ಅತ್ಯಂತ ಹಳೆಯ ದಾಖಲೆ 11ನೆಯ ಶತಮಾನದ ಆದಿಭಾಗದ್ದು.

ಈ ಸಾಲಿನಲ್ಲಿ ‘ನ’ಕಾರಕ್ಕೂ ‘ಮ’ಕಾರಕ್ಕೂ ನಡುವೆ ‘ಹ’ಕಾರ ಏಕೆ ಬಂತು? ನಮ್ಮಲ್ಲಿ ಅದು ಪವರ್ಗದ ಸ್ಥಾನವಷ್ಟೆ. ಜಪಾನೀ ಭಾಷೆಯ ಇಂದಿನ ಹಕಾರ ಪ್ರಾಚೀನ ಕಾಲದಲ್ಲಿ ಪಕಾರವೇ ಆಗಿತ್ತೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಉಚ್ಚಾರಣೆ ಸಡಿಲಿ ತುಟಿಯಿಂದ ಗಂಟಲಿಗೆ ಜಾರಿತು. ಪಟ್ಟಿಯಲ್ಲಿ ಅದರ ಪೀಠ ಮಾತ್ರ ಅಲುಗಲಿಲ್ಲ. ಪಾಲು ಹಾಲಾಗಿ, ಪೂ ಹೂವಾಗಿ, ಪೆಸರು ಹೆಸರಾದುದನ್ನು ಕಂಡ ಕನ್ನಡಿಗನಿಗೆ ಇದಕ್ಕೆ ವ್ಯಾಖ್ಯಾನ ಬೇಕೆ? ಒಂದಕ್ಕೊಂದು ನಂಟಿಲ್ಲದ ಎರಡು ನುಡಿಗಳು ಒಂದೇ ಹಾದಿಯನ್ನು ತುಳಿದಿವೆ. ‘ಹ’ಕಾರದ ಹಾಡನ್ನು ಹುಡುಕುವ ತೋಕ್ಯೋ ನಗರದ ತರುಣಿ ತನಗರಿಯದೆಯೇ ಒಂದು ಹಳೆಯ ಪಕಾರದ ಮನೆಯ ಕದವನ್ನು ತಟ್ಟುತ್ತಿರುತ್ತಾಳೆ.

ಇದಕ್ಕಿಂತಲೂ ಸ್ವಾರಸ್ಯವಾದುದು ‘ರ’ಕಾರದ ಸರದಿ. ಅಚ್ಚ ಜಪಾನೀ ಪದಗಳು ರೇಫದಿಂದ ಮೊದಲಾಗುವುದಿಲ್ಲ. ಹಾಗಾದರೆ ಆ ಸಾಲು ಬಂದವನು ಏನು ಹಾಡಬೇಕು? ಹಾಡುಗಳಿಗೇನೂ ಕೊರತೆಯಿಲ್ಲ, ಆದರೆ ಅವುಗಳ ಹೆಸರನ್ನು ಗಮನಿಸಬೇಕು. ‘ರ’ ಎಂದರೆ ಓದಾ ಕಜುಮಾಸಾ 1991ರಲ್ಲಿ ಹಾಡಿದ ‘ರಬು ಸುತೋರೀ ವ ತೊತ್ಸುಜೆನ್ ನಿ’. ಅದರ ಮೊದಲ ಮಾತು ಇಂಗ್ಲಿಷಿನ ‘ಲವ್’. ‘ರಿ’ ಎಂದರೆ ಯುದ್ಧದಲ್ಲಿ ಸೋತು ಬೆಂದ ನಾಡಿಗೆ 1945-46ರಲ್ಲಿ ಉಸಿರು ಕೊಟ್ಟ ‘ರಿಂಗೊ ನೊ ಉತಾ’, ಸೇಬಿನ ಹಾಡು. ‘ರಿಂಗೊ’ ಚೀನಾದಿಂದ ಬಂದ ಶಬ್ದ. ‘ರು’ ಎಂದರೆ ತೆರಾವೊ ಅಕಿರಾ ಅವರ 1981ರ ಮಾಣಿಕ್ಯದ ಉಂಗುರದ ಹಾಡು. ಅಲ್ಲಿಯ ‘ರುಬೀ’ ಪಶ್ಚಿಮದ್ದು. ‘ರೆ’ಕಾರಕ್ಕೆ ಯೊನೆಜು ಕೆನ್ಶಿಯ 2018ರ ‘ರೆಮೊನ್’, ಎಂದರೆ ಲೆಮನ್. ‘ರೊ’ಕಾರಕ್ಕೆ ‘ಸುಪಿತ್ಸು’ ತಂಡದ 1995ರ ‘ರೊಬಿನ್ಸೊನ್’. ಐದು ಅಕ್ಷರಗಳು, ಐವರೂ ಅತಿಥಿಗಳು! ಜಪಾನು ಯಾರು ಯಾರಿಗೆ ಬಾಗಿಲು ತೆರೆಯಿತೆಂಬ ಚರಿತ್ರೆಯನ್ನು ತಿಳಿಯಲು ಗ್ರಂಥಭಂಡಾರಕ್ಕೆ ಹೋಗಬೇಕಾಗಿಲ್ಲ. ಒಂದು ಸಂಜೆ ರೇಫದ ಸಾಲಿನ ಹಾಡು ಹಾಡಿದರೆ ಸಾಕು. ನಮ್ಮ ನಿಘಂಟಿನ ‘ರ’ಕಾರವನ್ನು ತೆರೆದರೂ ಕಾಣುವುದು ಇದೇ: ರಾಜ, ರಾತ್ರಿ, ರಸ್ತೆ, ರಜೆ, ರೈಲು. ಮನೆಯದೇ ಆದ ‘ರೆಕ್ಕೆ’ ಕೂಡ ಹಿಂದೆ ‘ಎಱಕೆ’ಯಾಗಿದ್ದು, ತಲೆಯ ಮೇಲಿನ ಸ್ವರವನ್ನು ಕಳೆದುಕೊಂಡು ಆ ಸಾಲಿಗೆ ಬಂದು ನಿಂತಿದೆ.

ಅಕ್ಷರವೆಂಬುದು ಹಾಡಿನ ಹೊರಗಿನದು, ಅದನ್ನು ಹಿಡಿದು ಒಳಗಿನದನ್ನು ಆರಿಸುವುದು ರಸಿಕತೆಯಲ್ಲ ಎಂಬ ಆಕ್ಷೇಪವುಂಟು. ಆಕ್ಷೇಪ ಹಗುರವಾದುದಲ್ಲ. ನಮ್ಮ ಕಾವ್ಯದಲ್ಲಿಯೇ ಎರಡನೆಯ ಅಕ್ಷರದ ಪ್ರಾಸ ಶತಮಾನಗಳ ಕಾಲ ಆಳಿತು. ಪ್ರಾಸಕ್ಕಾಗಿ ತುರುಕಿದ ಪದಗಳು ಎಷ್ಟು ಪದ್ಯಗಳನ್ನು ಕೆಡಿಸಿವೆಯೆಂಬುದು ಓದಿದವರಿಗೆ ಗೊತ್ತು. 1911ರಲ್ಲಿ ಗೋವಿಂದ ಪೈಗಳು ಪ್ರಾಸವನ್ನು ಬಿಟ್ಟದ್ದು ಸುಮ್ಮನೆಯಲ್ಲ. ಆದರೆ ಬರೆಯುವವನ ಕೈಯನ್ನು ಕಟ್ಟುವುದು ಬೇರೆ, ನೆನೆಯುವವನ ಮನಸ್ಸನ್ನು ಕೆದಕುವುದು ಬೇರೆ. ‘ನಿನಗೆ ಇಷ್ಟವಾದ ಹಾಡು ಹಾಡು’ ಎಂದರೆ ನಾಲಗೆಯ ತುದಿಗೆ ಬರುವುದು ನಿನ್ನೆ ಹಾಡಿದ್ದೇ. ‘ನೆ’ಕಾರದಲ್ಲೊಂದು ಹಾಡು ಎಂದರೆ ಅಟ್ಟಕ್ಕೆ ಏಣಿ ಹಾಕಬೇಕಾಗುತ್ತದೆ. ಅಲ್ಲಿ ಅಜ್ಜಿ ಗುನುಗುತ್ತಿದ್ದುದು ಸಿಕ್ಕೀತು, ಶಾಲೆಯಲ್ಲಿ ಕಲಿತದ್ದು ಸಿಕ್ಕೀತು.

ಇನ್ನೊಂದು ಉಪಕಾರವೂ ಇದೆ. ಅದು ನಾಚಿಕೆಯ ಸ್ವಭಾವದವರಿಗೆ. ಜಪಾನಿನ ಕಚೇರಿಯವರು ಕೆಲಸ ಮುಗಿಸಿ ಒಟ್ಟಾಗಿ ಕರೋಕೆಗೆ ಹೋಗುವುದು ಬಹುಕಾಲದ ರೂಢಿ. ಮೇಲಧಿಕಾರಿಯ ಎದುರಿಗೆ ಕಿರಿಯನು ಯಾವ ಹಾಡನ್ನು ಹಾಡಬೇಕು? ಹೊಸದಾದರೆ ಹಿರಿಯರಿಗೆ ತಿಳಿಯದು. ಹಳೆಯದಾದರೆ ಮೆಚ್ಚಿಸಲು ಹಾಡಿದನೆನ್ನುತ್ತಾರೆ. ಪ್ರೇಮಗೀತೆಯಾದರೆ ಯಾರನ್ನು ಕುರಿತೆಂಬ ಪ್ರಶ್ನೆ. ಅಕ್ಷರದ ಕಟ್ಟು ಬಿದ್ದೊಡನೆ ಈ ಹೊಣೆಯೆಲ್ಲ ಅಕ್ಷರದ ತಲೆಗೆ. ‘ಕ’ಕಾರ ಬಂತು, ಅದಕ್ಕಾಗಿ ಮಿಸೋರಾ ಹಿಬಾರಿ ತಮ್ಮ ಕಡೆಯ ವರುಷದಲ್ಲಿ, 1989ರಲ್ಲಿ, ಹಾಡಿದ ಹೊಳೆಯ ಹಾಡನ್ನು ಎತ್ತಿಕೊಂಡೆ ಎನ್ನಬಹುದು. ಕಣ್ಣು ತುಂಬಿ ಬಂದರೂ ತಪ್ಪು ಅಕ್ಷರದ್ದೇ.

ಹೆಸರಿನ ಮೊದಲ ಸದ್ದಿಗೆ ಇಷ್ಟು ಮನ್ನಣೆ ಕೊಡುವಾಗ ಹೆಸರನ್ನು ಕೆಡಿಸಿದವರನ್ನು ಮರೆಯುವಂತಿಲ್ಲ. ಸಕಾಮೊತೊ ಕ್ಯೂ 1961ರಲ್ಲಿ ಹಾಡಿದ ‘ಉಎ ಓ ಮುಇತೆ ಅರುಕೋ’ ಜಪಾನಿನಲ್ಲಿ ‘ಉ’ಕಾರದ ಮನೆಯಲ್ಲಿದೆ; ‘ಮೇಲೆ ನೋಡುತ್ತ ನಡೆಯೋಣ’ ಎಂದು ಅದರ ಅರ್ಥ. 1963ರಲ್ಲಿ ಅಮೆರಿಕದಲ್ಲಿ ಅಗ್ರಸ್ಥಾನಕ್ಕೇರಿದಾಗ ಅದಕ್ಕೆ ಇಟ್ಟಿದ್ದ ಹೆಸರು ‘ಸುಕಿಯಾಕಿ’. ಅದೊಂದು ಮಾಂಸದ ಅಡುಗೆ! ಹಾಡಿಗೂ ಅಡುಗೆಗೂ ಯಾವ ಸಂಬಂಧವೂ ಇಲ್ಲ.

ನನಗೆ ಕಳವಳ ತರುವುದು ಬೇರೊಂದು. ಇಂದಿನ ಯಂತ್ರಗಳು ಅಕ್ಷರಾನುಕ್ರಮಕ್ಕಿಂತ ಮುಂದಾಗಿ ಜನಪ್ರಿಯತೆಯ ಅನುಕ್ರಮವನ್ನು ಚಾಚುತ್ತವೆ: ಹೆಚ್ಚು ಜನ ಹಾಡಿದ್ದು ಮೇಲೆ, ಕಡಮೆ ಜನ ಹಾಡಿದ್ದು ಕೆಳಗೆ. ಮೇಲಿನದನ್ನೇ ಎಲ್ಲರೂ ಮುಟ್ಟುವುದರಿಂದ ಅದು ಮೇಲೆಯೇ ಉಳಿಯುತ್ತದೆ. ಅಕಾರಾದಿಯಲ್ಲಿ ಈ ಪಕ್ಷಪಾತವಿಲ್ಲ. ಕೋಟಿ ಜನ ಮೆಚ್ಚಿದ ಹಾಡಿಗೂ ನಾಲ್ವರು ಬಲ್ಲ ಹಾಡಿಗೂ ಅಲ್ಲಿ ಒಂದೊಂದೇ ಗೆರೆ. ನಮ್ಮ ಊರುಗಳಲ್ಲಿಯೂ ಈಗ ಕರೋಕೆ ಬಳಗಗಳು ಹುಟ್ಟಿಕೊಂಡು, ನಿವೃತ್ತರಾದ ಅನೇಕರು ಸಿನಿಮಾಗೀತೆಗಳನ್ನು ಹಾಡಿ ಸಂತೋಷಪಡುತ್ತಿದ್ದಾರೆ. ಬಹಳ ಒಳ್ಳೆಯದು. ಆದರೆ ವಾರವಾರವೂ ಅವವೇ ಹಾಡುಗಳು. ಅಕಾರಾದಿಯಂತೂ ನಮ್ಮ ಕೈಯಿಂದಲೇ ಜಾರುತ್ತಿದೆ: ಕನ್ನಡ ಎಂ.ಎ. ತರಗತಿಗೆ ಬಂದವರಲ್ಲಿಯೂ ನಿಘಂಟಿನಲ್ಲಿ ‘ಕ್ಷಮೆ’ಯನ್ನು ಎಲ್ಲಿ ಹುಡುಕಬೇಕೆಂದು ತಡವರಿಸುವವರಿದ್ದಾರೆ. ವರ್ಣಮಾಲೆಯನ್ನು ಎರವಲು ಪಡೆದ ನಾಡು ಅದನ್ನು ಹಾಡಿನ ಮನೆಯಲ್ಲಿಟ್ಟು ಆಡುತ್ತಿರುವಾಗ, ನಾವು ಅದನ್ನು ಒಂದನೆಯ ತರಗತಿಯ ಹಲಗೆಯ ಮೇಲೆಯೇ ಬಿಟ್ಟುಬಂದಿದ್ದೇವೆ.

ಲೆಕ್ಕವೂ ಕಷ್ಟದ್ದಲ್ಲ. ಜಪಾನೀ ಮೂಲಾಕ್ಷರಗಳು 46. ಅವುಗಳಲ್ಲಿ ವಿಭಕ್ತಿಗಷ್ಟೇ ಉಳಿದಿರುವ ‘ಓ’ ಒಂದನ್ನೂ, ಯಾವ ಪದಕ್ಕೂ ಮೊದಲಾಗದ ‘ನ್’ ಎಂಬುದನ್ನೂ ಬಿಟ್ಟರೆ 44. ಹಾಡಿಗೆ ನಾಲ್ಕು ನಿಮಿಷವೆಂದರೆ ಒಂದು ಸುತ್ತಿಗೆ ಸುಮಾರು ಮೂರು ಗಂಟೆ. ಕನ್ನಡದಲ್ಲಿ ಆಡಹೊರಟರೆ ‘ಣ’ಕಾರ ‘ಳ’ಕಾರಗಳಲ್ಲಿ ಸಿಕ್ಕಿಬೀಳುತ್ತೇವೆ. ಅಂತ್ಯಾಕ್ಷರಿ ಆಡುವ ನಮ್ಮ ಮಕ್ಕಳು ಆ ತೊಡಕನ್ನು ಎಂದೋ ಬಿಡಿಸಿಕೊಂಡಿದ್ದಾರೆ: ‘ಣ’ ಬಂದರೆ ‘ನ’, ‘ಳ’ ಬಂದರೆ ‘ಲ’. ಕರೋಕೆ ಬಳಗದ ಹಿರಿಯರೂ ಆ ಒಪ್ಪಂದಕ್ಕೆ ಸಹಿಹಾಕಿ, ಮುಂದಿನ ಭಾನುವಾರ ‘ಅ’ಕಾರದಿಂದ ತೊಡಗಬಹುದು.